ತೆರ, ತಾಳಿ, ತೊಟ್ಟಿಲು

2023ರ ಫೆಬ್ರವರಿಯಲ್ಲಿ ಮಂಡ್ಯ ಜಿಲ್ಲೆಯ ಕೆ. ಎಂ. ದೊಡ್ಡಿಯಿಂದ ಒಂದಷ್ಟು ಅವಿವಾಹಿತ ಗಂಡಸರು ಮಲೆ ಮಹದೇಶ್ವರ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೊರಟರು. ಮೂವತ್ತು ದಾಟಿದವರು, ಹೆಚ್ಚಿನವರು ಬೇಸಾಯದವರು. ಹರಕೆ ಒಂದೇ: ಹೆಣ್ಣು ಸಿಗಲಿ. ಪತ್ರಿಕೆಗಳಲ್ಲಿ ಸುದ್ದಿ ಬಂದಾಗ ನಮ್ಮ ಕೊಳ್ಳೇಗಾಲದ ಬೀದಿಯಲ್ಲಿ ನಕ್ಕವರೇ ಹೆಚ್ಚು. "ಮಾದಪ್ಪ ಎಲ್ಲಿಂದ ತಂದುಕೊಟ್ಟಾನು, ಅವನೇ ಸನ್ಯಾಸಿ" ಎಂದಳು ನನ್ನ ಪಕ್ಕದ ಮನೆಯಾಕೆ.

ಅದೇ ಬೆಟ್ಟದ ಮಾದಪ್ಪನ ಕಥೆಯಲ್ಲಿ ಸಂಕಮ್ಮನ ಸಾಲು ನಿಮಗೆ ಗೊತ್ತಿರಬೇಕು. ಮಕ್ಕಳಿಲ್ಲದ ಸಂಕಮ್ಮ, ಅವಳನ್ನು ನಂಬದ ಗಂಡ, ಕೊನೆಗೆ ಮಾದಪ್ಪನ ವರದಿಂದ ಹುಟ್ಟಿದ ಕಾರಯ್ಯ, ಬಿಲ್ಲಯ್ಯ. ಕಂಸಾಳೆಯವರು ಆ ಭಾಗ ಹಾಡುವಾಗ ನಮ್ಮ ಕಡೆ ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ತಲೆತಲಾಂತರದಿಂದ ಈ ಬೆಟ್ಟ ಹತ್ತಿದವರು ಮಕ್ಕಳನ್ನು ಬೇಡುವ ಹೆಂಗಸರು. ಈಗ ಹೆಂಡತಿಯನ್ನು ಬೇಡುವ ಗಂಡಸರೂ ಹತ್ತುತ್ತಿದ್ದಾರೆ. ಈ ನಡುವೆ ಆದದ್ದೇನು?

ನಮ್ಮ ಅಜ್ಜಿ ಯಳಂದೂರಿನ ಕಡೆಯವರು. ಕೊಟ್ಟಿದ್ದು ಕೊಳ್ಳೇಗಾಲಕ್ಕೆ, ಮಗ್ಗದ ಮನೆಗೆ. ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿಯಾದರೂ ಆಗ ಅದು ಸರ್ಕಾರ ಬದಲಾಗುವ ದಾರಿ. ಯಳಂದೂರು ದಿವಾನ್ ಪೂರ್ಣಯ್ಯನವರಿಗೆ 1807ರಲ್ಲಿ ಜಹಗೀರಾಗಿ ಸಂದಿದ್ದು ಮೈಸೂರು ಸಂಸ್ಥಾನದ ಒಳಗೆ. ಕೊಳ್ಳೇಗಾಲವೋ, ಈಚಿನವರೆಗೆ ಅದರ ಭಾಗವಾಗಿದ್ದು ಈಗ ಬೇರೆ ತಾಲೂಕಾಗಿರುವ ಹನೂರೂ ಸೇರಿ, 1956ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿದ್ದು. ಮದುವೆಯ ಕಾಯಿದೆಯೂ ಎರಡು ಬಗೆ. ಎಂಟು ವರ್ಷದೊಳಗಿನ ಹೆಣ್ಣು ಮಕ್ಕಳ ಮದುವೆ ಕೂಡದೆಂದು ಮೈಸೂರು 1894ರಲ್ಲೇ ಕಾಯಿದೆ ಮಾಡಿತ್ತು. ಐವತ್ತು ದಾಟಿದ ಗಂಡಸು ಹದಿನಾಲ್ಕರೊಳಗಿನ ಹುಡುಗಿಯನ್ನು ಕಟ್ಟಿಕೊಳ್ಳುವುದಕ್ಕೂ ತಡೆ ಹಾಕಿತ್ತು. ಬ್ರಿಟಿಷರ ಸೀಮೆಗೆ 1930ರಲ್ಲಿ ಶಾರದಾ ಕಾಯಿದೆ ಜಾರಿಗೆ ಬಂದು ಹುಡುಗಿಗೆ ಹದಿನಾಲ್ಕು ಎಂದಾಯಿತು. ಅಜ್ಜಿಯ ಮದುವೆ ಅದಾದ ಮೇಲೆ, ಹನ್ನೆರಡಕ್ಕೇ, ಯಳಂದೂರಿನ ಚಪ್ಪರದಲ್ಲಿ ನಡೆಯಿತು. ಯಾರೂ ಕೇಳಲಿಲ್ಲ. ಕೊಳ್ಳೇಗಾಲದಲ್ಲಿ ನಡೆದಿದ್ದರೂ ಕೇಳುತ್ತಿರಲಿಲ್ಲವೆನ್ನಿ.

ಆ ಮದುವೆಗೆ ದುಡ್ಡು ಕೊಟ್ಟವರು ಗಂಡಿನ ಕಡೆಯವರು. ತೆರ. "ನನ್ ತೆರದ ದುಡ್ಡಲ್ಲೇ ನಮ್ಮಣ್ಣನ ಮದ್ವ ಆಯ್ತು ಕಣ ಮಗ" ಎಂದು ಅಜ್ಜಿ ಹೇಳುತ್ತಿದ್ದರು. ಮಗಳಿಂದ ಬಂದದ್ದು ಸೊಸೆಗೆ ಹೋಗುತ್ತಿತ್ತು, ದುಡ್ಡು ಊರೂರು ಸುತ್ತುತ್ತಿತ್ತು. ಎಂ. ಎನ್. ಶ್ರೀನಿವಾಸರು 1942ರಲ್ಲಿ ಮೈಸೂರಿನ ಮದುವೆ ಮತ್ತು ಕುಟುಂಬದ ಮೇಲೆ ಪ್ರಕಟಿಸಿದ ಪುಸ್ತಕದಲ್ಲಿ ಈ ತೆರದ ವಿವರ ಬರುತ್ತದೆ. ಹಾಗೆಂದು ತೆರವೆಂದರೆ ಹೆಣ್ಣಿಗೆ ಮಾನ ಎಂದು ಹಿಗ್ಗಬೇಕಾಗಿಲ್ಲ. ಕೊಟ್ಟವರು ಕೊಂಡದ್ದು ಎರಡು ಕೈಗಳ ದುಡಿಮೆಯನ್ನು, ಒಂದು ಬಸಿರನ್ನು. ಅಜ್ಜಿ ಒಂಬತ್ತು ಹೆತ್ತರು, ಉಳಿದದ್ದು ನಾಲ್ಕು.

ಒಂಬತ್ತು ಏಕೆ ಎಂದು ಕೇಳುವುದು ಸುಲಭ. ರೇಷ್ಮೆಯ ನಾಡಿನಲ್ಲಿ ಮಕ್ಕಳಿಗೆ ಐದು ವರ್ಷಕ್ಕೇ ಕೆಲಸವಿತ್ತು. ಹಿಪ್ಪುನೇರಳೆ ಸೊಪ್ಪು ಬಿಡಿಸುವುದು, ಹುಳುವಿಗೆ ಹಾಕುವುದು; ನಾಲ್ಕನೇ ಜ್ವರ ಎದ್ದ ಹುಳು ಹಗಲು ರಾತ್ರಿ ಮೇಯುವಾಗ ಮನೆಮಂದಿಯೆಲ್ಲ ಎದ್ದಿರಬೇಕು. ಹಣ್ಣಾದ ಹುಳುವನ್ನು ಆರಿಸಿ ಚಂದ್ರಿಕೆಗೆ ಬಿಡಲು ಪುಟ್ಟ ಬೆರಳೇ ಚೆಂದ. ಇತ್ತ ಮಗ್ಗದ ಮನೆಯಲ್ಲಿ ನೂಲು ಸುತ್ತಲು ಒಬ್ಬಳು, ಅಚ್ಚು ಕಟ್ಟಲು ಇಬ್ಬರು. ಸಾಯುವವರ ಲೆಕ್ಕ ಕಳೆದು, ಮುಪ್ಪಿಗೆ ಒಬ್ಬ ಗಂಡು ಉಳಿಯಬೇಕಾದರೆ ಎಷ್ಟು ಹೆರಬೇಕು ಎಂಬುದು ಆಗಿನ ಪ್ರತಿ ಮನೆಯ ಗಣಿತ. 1930ರಲ್ಲೇ ಮೈಸೂರು ಸರ್ಕಾರ ಜನನ ನಿಯಂತ್ರಣದ ಚಿಕಿತ್ಸಾಲಯ ತೆರೆಯಲು ಆದೇಶ ಹೊರಡಿಸಿ ಪ್ರಪಂಚಕ್ಕೇ ಮೊದಲೆನಿಸಿಕೊಂಡಿತು. ನಮ್ಮ ಅಜ್ಜಿಗೆ ಆ ಸುದ್ದಿ ಕೊನೆಯವರೆಗೂ ತಲುಪಲಿಲ್ಲ.

ಅಮ್ಮನ ಕಾಲಕ್ಕೆ ದುಡ್ಡಿನ ದಿಕ್ಕೇ ತಿರುಗಿತು. ತೆರ ನಿಂತು ವರದಕ್ಷಿಣೆ ಬಂತು. 1961ರಲ್ಲಿ ವರದಕ್ಷಿಣೆ ನಿಷೇಧ ಕಾಯಿದೆ ಬಂದದ್ದು ಗೊತ್ತೇ ಇದೆ. ನಮ್ಮ ಕಡೆ ಅದು ಮನೆಮನೆಗೆ ಹಬ್ಬಿದ್ದು ಅದರ ನಂತರವೇ! ಮಂಡ್ಯದ ಎರಡು ಹಳ್ಳಿಗಳನ್ನು 1950ರ ದಶಕದಲ್ಲಿ ನೋಡಿ, 1970ರಲ್ಲಿ ಮತ್ತೆ ಬಂದ ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ವಿದ್ವಾಂಸೆ ನಾಲೆಯ ನೀರಿನಿಂದ ಸಿರಿ ಕಂಡ ರೈತರಲ್ಲಿ ಈ ಬದಲಾವಣೆಯನ್ನು ಗುರುತಿಸಿದರು. 1980ರ ಆಸುಪಾಸಿನಲ್ಲಿ ಕಾಲ್ಡ್‌ವೆಲ್ ದಂಪತಿಗಳೂ ಪಿ. ಎಚ್. ರೆಡ್ಡಿಯವರೂ ದಕ್ಷಿಣ ಕರ್ನಾಟಕದ ಹಳ್ಳಿಗಳಲ್ಲಿ ಮನೆಮನೆ ತಿರುಗಿ ಕೊಟ್ಟ ಕಾರಣ ನನಗೆ ಬಹಳ ಹಿಡಿಸಿತು. ಅದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ.

ಇಪ್ಪತ್ತೈದರ ಹುಡುಗ ಹದಿನೆಂಟರ ಹುಡುಗಿಯನ್ನು ಹುಡುಕುತ್ತಾನೆ. ಅವಳು ಅವನಿಗಿಂತ ಏಳು ವರ್ಷ ತಡವಾಗಿ ಹುಟ್ಟಿದವಳು. ಸಾವು ಕಡಿಮೆಯಾಗಿ ವರ್ಷ ವರ್ಷ ಬದುಕುಳಿಯುವ ಕೂಸುಗಳು ಹೆಚ್ಚುತ್ತಿದ್ದಾಗ, ಏಳು ವರ್ಷ ತಡವಾಗಿ ಹುಟ್ಟಿದವರು ಯಾವಾಗಲೂ ಹೆಚ್ಚು ಮಂದಿ. ಗಂಡುಗಳು ಕಡಿಮೆ, ಹೆಣ್ಣುಗಳು ಜಾಸ್ತಿ. ಆದ್ದರಿಂದ ಗಂಡಿಗೆ ಬೆಲೆ ಬಂತು, ಹೆಣ್ಣಿನ ಮದುವೆ ತಡವಾಯಿತು. ಇದೇ ಲೆಕ್ಕವನ್ನು ತಿರುಗಿಸಿ ನೋಡಿ. ಹುಟ್ಟುವವರು ವರ್ಷ ವರ್ಷ ಕಡಿಮೆಯಾಗುತ್ತ ಬಂದರೆ, ಏಳು ವರ್ಷ ಚಿಕ್ಕವಳನ್ನು ಹುಡುಕುವವನಿಗೆ ಹುಡುಗಿಯರೇ ಸಾಲುವುದಿಲ್ಲ. ಕರ್ನಾಟಕದಲ್ಲಿ ಆದದ್ದು ಇದೇ. ಒಬ್ಬ ಹೆಣ್ಣು ಹೆರುವ ಮಕ್ಕಳ ಸರಾಸರಿ, ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 1992-93ರಲ್ಲಿ 2.85 ಇತ್ತು, 2019-21ಕ್ಕೆ 1.7ಕ್ಕೆ ಇಳಿಯಿತು. ಜನಸಂಖ್ಯೆ ಹೆಚ್ಚೂಕಡಿಮೆ ಇಲ್ಲದೆ ನಿಲ್ಲಬೇಕಾದರೆ 2.1 ಬೇಕಂತೆ. ಬೆಟ್ಟ ಹತ್ತಿದ ಗಂಡಸರು ಹುಟ್ಟಿದ್ದು ಈ ಇಳಿಜಾರಿನ ಮೇಲೆಯೇ.

ಇಳಿಸಿದವರು ಯಾರು? ಗೋಡೆಯ ಮೇಲೆ ಕೆಂಪು ತ್ರಿಕೋನ, "ನಾವಿಬ್ಬರು, ನಮಗಿಬ್ಬರು". ತುರ್ತು ಪರಿಸ್ಥಿತಿಯ ಕಾಲದಲ್ಲಿ ಗಂಡಸರನ್ನು ಹಿಡಿದು ಮಾಡಿದ ಶಸ್ತ್ರಚಿಕಿತ್ಸೆಗಳ ಭಯ ಹರಡಿದ ಮೇಲೆ ಆ ಹೊರೆ ಪೂರ್ತಿ ಹೆಂಗಸರ ಮೇಲೆ ಬಿತ್ತು. ನಮ್ಮಲ್ಲಿ "ಆಪರೇಷನ್ ಆಯ್ತಾ?" ಎಂದರೆ ಯಾವುದೆಂದು ಕೇಳುವ ಅಗತ್ಯವಿಲ್ಲ, ಯಾರಿಗೆಂದು ಕೇಳುವುದೂ ಬೇಡ. ರಾಜ್ಯದ ವಿವಾಹಿತ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಈ ಆಪರೇಷನ್ ಮಾಡಿಸಿಕೊಂಡವರು. ಬಹಳಷ್ಟು ಜನ ಮೂವತ್ತು ತುಂಬುವ ಮೊದಲೇ. ಜನಸಂಖ್ಯೆ ತಗ್ಗಿತು ಎಂದು ಹೊಗಳಿಕೊಳ್ಳುವಾಗ ಈ ಹೊಟ್ಟೆಗಳ ಮೇಲಿನ ಗಾಯದ ಗುರುತು ಯಾರ ಮಾತಿನಲ್ಲೂ ಬರುವುದಿಲ್ಲ.

ಇನ್ನೊಂದು ಬಗೆಯ ಇಳಿಕೆಯೂ ಉಂಟು. 2023ರ ನವೆಂಬರಿನಲ್ಲಿ ಮಂಡ್ಯದ ಒಂದು ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟು ಹೆಣ್ಣು ಭ್ರೂಣ ಪತ್ತೆ ಮಾಡುತ್ತಿದ್ದ ಜಾಲವನ್ನು ಪೊಲೀಸರು ಬಯಲಿಗೆಳೆದರು. ಪಾದಯಾತ್ರೆ ಹೊರಟದ್ದೂ ಅದೇ ಜಿಲ್ಲೆಯಿಂದ, ಅದೇ ವರ್ಷ! ಆದರೆ ಎಲ್ಲವನ್ನೂ ಇದರ ತಲೆಗೆ ಕಟ್ಟಿದರೆ ನಮ್ಮ ಜಿಲ್ಲೆಗೆ ಲೆಕ್ಕ ಹೊಂದುವುದಿಲ್ಲ. 2011ರ ಜನಗಣತಿಯಲ್ಲಿ ಚಾಮರಾಜನಗರ ಜಿಲ್ಲೆಯಲ್ಲಿ ಸಾವಿರ ಗಂಡಿಗೆ 993 ಹೆಂಗಸರಿದ್ದರು. ಹೆಣ್ಣುಗಳು ಇದ್ದಾರೆ. ಹೊಲದ ಮನೆಗೆ ಬರಲು ಒಪ್ಪುತ್ತಿಲ್ಲ, ಅಷ್ಟೆ.

ಒಪ್ಪುವುದಾದರೂ ಏಕೆ? ಚೀನಾ ರೇಷ್ಮೆ ಬಂದು ಗೂಡಿನ ಬೆಲೆ ಬಿದ್ದು ನೇರಳೆ ತೋಟಗಳು ಕರಗಿದವು. ಭೂಮಿ ಅಣ್ಣ ತಮ್ಮಂದಿರಲ್ಲಿ ಪಾಲಾಗಿ ಎಕರೆ, ಅರ್ಧ ಎಕರೆಗೆ ಬಂತು. ಹನೂರಿನ ಕಡೆಯ ಒಣಭೂಮಿಯವರು ತಿರುಪ್ಪೂರಿಗೆ, ಬೆಂಗಳೂರಿಗೆ ಗುಳೆ ಹೊರಟರು. 2001ರಿಂದ 2011ರವರೆಗೆ ರಾಜ್ಯದ ಜನಸಂಖ್ಯೆ ಶೇಕಡಾ 15ಕ್ಕಿಂತ ಹೆಚ್ಚು ಬೆಳೆದರೆ ನಮ್ಮ ಜಿಲ್ಲೆಯದು ಶೇಕಡಾ 6ನ್ನೂ ಮುಟ್ಟಲಿಲ್ಲ. ಹೆಣ್ಣು ಮಕ್ಕಳು ಅಷ್ಟರಲ್ಲಿ ಎಸ್ಸೆಸ್ಸೆಲ್ಸಿ ದಾಟಿದರು, ಗಾರ್ಮೆಂಟ್ಸಿಗೆ ಸೇರಿದರು, ನರ್ಸಿಂಗ್ ಓದಿದರು. 1994ರಲ್ಲಿ ಕರ್ನಾಟಕ ಹೆಣ್ಣು ಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಪಾಲು ಕೊಟ್ಟಿತು. ಅಷ್ಟರೊಳಗೆ ಮದುವೆಯಾದವರಿಗೆ ಇಲ್ಲವೆಂದಿತು. ನಾನು ಆ 'ಅಷ್ಟರೊಳಗೆ'ಯವಳು. ಪಾಲು ಕೇಳಿದವಳಿಗೆ ತವರು ಮುಚ್ಚುತ್ತದೆಂಬ ಹೆದರಿಕೆ ಬೇರೆ. ಹಾಗಾಗಿ ಹುಡುಗಿಗೆ ತನ್ನದೆಂದು ಉಳಿದ ಆಸ್ತಿ ತಿಂಗಳ ಸಂಬಳವೊಂದೇ.

2022ರ ನವೆಂಬರಿನಲ್ಲಿ ಆದಿಚುಂಚನಗಿರಿಯಲ್ಲಿ ನಡೆದ ಒಕ್ಕಲಿಗರ ವಧೂವರರ ಸಮಾವೇಶಕ್ಕೆ ಹುಡುಗರು ಹತ್ತು ಸಾವಿರಕ್ಕೂ ಮೇಲೆ, ಹುಡುಗಿಯರು ಇನ್ನೂರೈವತ್ತರ ಸುಮಾರು ಎಂದು ಪತ್ರಿಕೆಗಳು ಬರೆದವು. ಮರುವರ್ಷದ ಚುನಾವಣೆಯಲ್ಲಿ ರೈತರ ಮಕ್ಕಳನ್ನು ಮದುವೆಯಾಗುವ ಹುಡುಗಿಗೆ ಎರಡು ಲಕ್ಷ ಕೊಡುವುದಾಗಿ ಎಚ್. ಡಿ. ಕುಮಾರಸ್ವಾಮಿಯವರು ಭರವಸೆ ಕೊಟ್ಟರು. ತೆರವೇ ಸರ್ಕಾರದ ಖಜಾನೆಯಿಂದ ಬರುವುದೇನೋ ಅನ್ನಿಸಿತು ನನಗೆ. 2024ರಲ್ಲಿ ಆಂಧ್ರದ, ತಮಿಳುನಾಡಿನ ಮುಖ್ಯಮಂತ್ರಿಗಳು ಹೆಚ್ಚು ಮಕ್ಕಳನ್ನು ಹೆರಿ ಎಂದರು. ಎರಡು ಸಾಕು ಎಂದು ಆಪರೇಷನ್ ಮಾಡಿಸಿದವರ ಮೊಮ್ಮಕ್ಕಳಿಗೆ ಈ ಮಾತು. ಹೆರುವುದು ಯಾವಾಗ, ನಿಲ್ಲಿಸುವುದು ಯಾವಾಗ ಎಂದು ಹೇಳುವವರು ಬದಲಾಗುತ್ತಾರೆ, ಹೇಳಿಸಿಕೊಳ್ಳುವವರು ನಾವೇ.

ಹುಡುಗಿಯರ ಕೊಬ್ಬು ಎನ್ನುವವರ ಜೊತೆ ನಾನು ವಾದಕ್ಕಿಳಿಯುವುದಿಲ್ಲ. ಆ ನಡೆದುಹೋದ ಗಂಡಸರ ಮೇಲೂ ನನಗೆ ಸಿಟ್ಟಿಲ್ಲ, ಕರುಣೆಯೇ. ಬೇಸಾಯ ಬಿಡಬೇಡ ಎಂದು ಅವರನ್ನು ಮನೆಯಲ್ಲಿ ಉಳಿಸಿಕೊಂಡ ಅಪ್ಪ ಅಮ್ಮಂದಿರೇ ತಮ್ಮ ಮಗಳಿಗೆ ಮಾತ್ರ ಬೆಂಗಳೂರಿನ ನೌಕರಿಯ ಗಂಡು ಹುಡುಕಿದರು. ಎದುರು ಮನೆಯವರೂ ಅದನ್ನೇ ಮಾಡಿದರು.

ನನ್ನ ಪಕ್ಕದ ಮನೆಯಾಕೆ ನೂಲು ತೆಗೆಯುವ ಕೆಲಸದಲ್ಲಿ ಬಿಸಿನೀರಿಗೆ ಬೆರಳು ಸವೆಸಿಕೊಂಡವಳು. ಅವಳ ದೊಡ್ಡ ಮಗಳು ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿದ್ದಾಳೆ, ಇಪ್ಪತ್ತೇಳು. ಹೋದ ತಿಂಗಳು ಲೊಕ್ಕನಹಳ್ಳಿ ಕಡೆಯಿಂದ ಒಂದು ಗಂಡು ಬಂದಿತ್ತು. ಮೂರೆಕರೆ, ಬೋರ್‌ವೆಲ್, ವರದಕ್ಷಿಣೆ ಬೇಡ, ಮದುವೆ ಖರ್ಚೂ ಅವರದೇ. ಹುಡುಗಿ ಫೋನಿನಲ್ಲೇ ಬ್ರೋಕರನಿಗೆ ಮೂರು ಪ್ರಶ್ನೆ ಕೇಳಿದಳಂತೆ: ಮನೆಯೊಳಗೇ ಬಚ್ಚಲು, ಕಕ್ಕಸು ಇದೆಯಾ, ಹನೂರಿನಲ್ಲಿ ಕೆಲಸ ಸಿಕ್ಕರೆ ಹೋಗಬಹುದಾ, ಸಂಬಳದಲ್ಲಿ ಅವ್ವನಿಗೆ ಕಳಿಸಿದರೆ ಯಾರೂ ಏನೂ ಅನ್ನುವುದಿಲ್ಲವಾ. ಮೊದಲೆರಡಕ್ಕೆ ಹೂಂ ಎಂದು ಉತ್ತರ ಬಂದಿದೆ. ಮೂರನೆಯದಕ್ಕೆ ಹುಡುಗನ ತಾಯಿಯನ್ನು ಕೇಳಿ ಹೇಳುತ್ತಾರಂತೆ.