ಹೂಳಿನ ಲೆಕ್ಕ, ಹವಳದ ಬದುಕು



ಮಳೆಗಾಲದಲ್ಲಿ ಕಾಪುವಿನ ದೀಪಸ್ತಂಭದ ಬಳಿ ನಿಂತು ಕಡಲನ್ನು ನೋಡಿದ್ದೀರಾ? 1901ರಲ್ಲಿ ಕಟ್ಟಿದ ಆ ಸ್ತಂಭದ ಸುತ್ತಲಿನ ನೀರು ಆಗ ನೀಲಿಯಾಗಿರುವುದಿಲ್ಲ, ಕದಡಿ ಕಂದುಬಣ್ಣಕ್ಕೆ ತಿರುಗಿರುತ್ತದೆ. ಅಲೆಗಳು ತಳದ ಕೆಸರನ್ನು ಎಬ್ಬಿಸುತ್ತವೆ. ಹೊಳೆಗಳೂ ಮಣ್ಣು ತರುತ್ತವೆ. ಕಾರ್ಕಳದ ಕಡೆಯ ಘಟ್ಟದಿಂದ ಇಳಿದು, ಮಣಿಪಾಲದ ಗುಡ್ಡದ ಕೆಳಗೆ ಹರಿದು, ಉಡುಪಿಯ ಉತ್ತರಕ್ಕೆ ಕಡಲು ಸೇರುವ ಸ್ವರ್ಣೆ ಅಂಥದೊಂದು ಹೊಳೆ.

ಈ ಹೂಳು ಹವಳಕ್ಕೆ ಆಗಿಬರುವುದಿಲ್ಲ. ಹವಳದ ಮೈಯೊಳಗಿನ ಸೂಕ್ಷ್ಮ ಪಾಚಿಗಳು ಬಿಸಿಲಿನ ನೆರವಿನಿಂದ ಅದಕ್ಕೆ ಆಹಾರ ಒದಗಿಸುತ್ತವೆ. ನೀರು ಕದಡಿದರೆ ಬೆಳಕು ಕೆಳಗಿಳಿಯದು. ಕರ್ನಾಟಕದಲ್ಲಿ ಹವಳಕ್ಕೆ ಹೆಸರಾದದ್ದು ದಡದಿಂದ ದೂರದಲ್ಲಿ, ಮುರ್ಡೇಶ್ವರದ ಆಚೆಗಿರುವ ನೇತ್ರಾಣಿ ದ್ವೀಪ.

ಹಾಗಾದರೆ ನೀರಿನ ಕದಡನ್ನು ಅಳೆಯುವುದು ಹೇಗೆ? 1865ರಲ್ಲಿ ಇಟಲಿಯ ಪಾದ್ರಿ, ಖಗೋಳಜ್ಞ ಆಂಜೆಲೊ ಸೆಕ್ಕಿ ಮೆಡಿಟರೇನಿಯನ್ ಸಮುದ್ರದಲ್ಲಿ ಬಿಳಿ ತಟ್ಟೆಯನ್ನು ಹಗ್ಗಕ್ಕೆ ಕಟ್ಟಿ ಇಳಿಸಿ, ಅದು ಕಣ್ಮರೆಯಾಗುವ ಆಳವನ್ನು ಗುರುತಿಸಿದರು. 1928-29ರಲ್ಲಿ ಆಸ್ಟ್ರೇಲಿಯದ ಮಹಾ ಹವಳದಿಬ್ಬಕ್ಕೆ ಹೋದ ಬ್ರಿಟಿಷ್ ತಂಡದ ಷೀನಾ ಮಾರ್ಷಲ್ ಮತ್ತು ಎ. ಪಿ. ಓರ್, ಲೋ ಐಲ್ಸ್‌ನಲ್ಲಿ ಜಾಡಿಗಳನ್ನಿಟ್ಟು ಅವುಗಳಲ್ಲಿ ಕುಳಿತ ಹೂಳನ್ನು ಅಳೆದರು.

ಆದರೆ ಕಡಲು ನಿಂತ ನೀರಲ್ಲ. ಉಬ್ಬರ, ಇಳಿತ ದಿನಕ್ಕೆ ಸುಮಾರು ಎರಡು ಸಲ ಬರುತ್ತವೆ. ಆದ್ದರಿಂದ ಹೂಳು ಎಷ್ಟಿದೆ ಎಂದು ತಿಳಿದರೆ ಸಾಲದು, ಅದು ಯಾವ ಕಡೆಗೆ, ಎಷ್ಟು ವೇಗದಲ್ಲಿ ಸಾಗುತ್ತಿದೆ ಎಂದೂ ತಿಳಿಯಬೇಕು. ಒಂದು ಉದಾಹರಣೆ ನೋಡಿ. ಉಬ್ಬರದ ನೀರು ಲೀಟರಿಗೆ 20 ಮಿಲಿಗ್ರಾಂ ಹೂಳು ಹೊತ್ತು ಸೆಕೆಂಡಿಗೆ 25 ಸೆಂಟಿಮೀಟರ್ ವೇಗದಲ್ಲಿ ದಿಬ್ಬದತ್ತ ಬಂದರೆ, ಒಂದು ಚದರ ಮೀಟರಿನ ಮೂಲಕ ಸೆಕೆಂಡಿಗೆ 5 ಗ್ರಾಂ ಹೂಳು ಒಳಬರುತ್ತದೆ. ಇಳಿತದಲ್ಲಿ ಅದೇ ವೇಗದ ನೀರಿನಲ್ಲಿ 12 ಮಿಲಿಗ್ರಾಂ ಮಾತ್ರ ಇದ್ದರೆ ಹೊರಹೋಗುವುದು 3 ಗ್ರಾಂ. ಉಳಿದ 2 ಗ್ರಾಂ ಹವಳದ ಪಾಲು!

ಇಂದು ಈ ಕೆಲಸಕ್ಕೆ ಬೆಳಕು ಹಾಗೂ ಧ್ವನಿಯ ಉಪಕರಣಗಳಿವೆ. ನೀರಿನ ಕಣಗಳಿಗೆ ತಾಗಿ ಮರಳುವ ಬೆಳಕಿನಿಂದ ಹೂಳಿನ ಪ್ರಮಾಣ, ಪ್ರತಿಧ್ವನಿಯಿಂದ ನೀರಿನ ವೇಗ ತಿಳಿಯುತ್ತದೆ. ಆದರೂ ಬಾಟಲಿಯಲ್ಲಿ ನೀರು ತುಂಬಿ, ಸೋಸಿ, ಒಣಗಿಸಿ, ತೂಗಿ ನೋಡದೆ ಆ ಅಂಕಿಗಳನ್ನು ನಂಬುವಂತಿಲ್ಲ.

ಬಂದರಿಗಾಗಿ ಹೂಳೆತ್ತುವಾಗ, ದಡ ಕಟ್ಟುವಾಗ ಈ ಲೆಕ್ಕ ಮೊದಲೇ ಬೇಕು. ಹವಳ ಸತ್ತ ಮೇಲೆ ಅಳೆದು ಫಲವೇನು?

ಹಿರಿಯರೊಡನೆ ಮಲ್ಪೆಗೆ ಹೋದಾಗ ನೀವೂ ಬಿಳಿ ತಟ್ಟೆಯೊಂದನ್ನು ಇಳಿಸಿ ನೋಡಿ. ಉಬ್ಬರದಲ್ಲೊಮ್ಮೆ, ಇಳಿತದಲ್ಲೊಮ್ಮೆ. ಎರಡು ಆಳಗಳೂ ಒಂದೇ ಆಗಿವೆಯೇ? ಬರೆದಿಡಿ.