ಗಿಗಾಟೆಕ್ಸೆಲ್ ಕಾಲದ ಲೆಕ್ಕಾಚಾರ

ಎರಡು ಗ್ರಾಫಿಕ್ಸ್ ಕಾರ್ಡ್‌ಗಳ ವಿವರಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು, ಯಾವುದರ ಅಂಕಿ ದೊಡ್ಡದೋ ಅದೇ ವೇಗದ್ದು ಎಂದು ತೀರ್ಮಾನಿಸುವ ರೂಢಿ ಬೇರೂರಿದ್ದು 1990ರ ದಶಕದ ಕೊನೆಯಲ್ಲಿ. ಆಗ ಅದರಲ್ಲಿ ದೊಡ್ಡ ತಪ್ಪೇನೂ ಇರಲಿಲ್ಲ. 1996ರಲ್ಲಿ ಬಂದ ತ್ರೀಡಿಎಫ್‌ಎಕ್ಸ್ ಕಂಪನಿಯ ವೂಡೂ ಕಾರ್ಡ್ 50 ಮೆಗಾಹರ್ಟ್ಸ್‌ನಲ್ಲಿ ಓಡುತ್ತ, ಒಂದೊಂದು ಕ್ಲಾಕ್‌ಗೆ ಒಂದು ಪಿಕ್ಸೆಲ್ ಬರೆಯುತ್ತಿತ್ತು. ಸೆಕೆಂಡಿಗೆ 5 ಕೋಟಿ ಪಿಕ್ಸೆಲ್. ಚಿತ್ರ ಬರೆಯುವ ಮೆಮೊರಿ ಬೇರೆ, ಟೆಕ್ಸ್ಚರ್ (ಮೇಲ್ಮೈಗೆ ಹಚ್ಚುವ ಚಿತ್ರ) ಇಡುವ ಮೆಮೊರಿ ಬೇರೆ, ಎರಡಕ್ಕೂ ಅವುಗಳದೇ ದಾರಿ. ಹಾಗಾಗಿ ಗುಣಾಕಾರ ಮಾಡಿ ತೆಗೆದ ಅಂಕಿಗೂ ಪರದೆಯ ಮೇಲೆ ಕಾಣುವ ವೇಗಕ್ಕೂ ಒಂದು ಮಟ್ಟಿಗೆ ಹೊಂದಾಣಿಕೆ ಇತ್ತು. ಜನ ಆ ಅಂಕಿಯನ್ನು ನಂಬಲು ಕಲಿತರು. ಮುಂದೆ ಚಿಪ್‌ಗಳ ರಚನೆ ಬದಲಾಯಿತು, ನಂಬಿಕೆ ಮಾತ್ರ ಹಾಗೇ ಉಳಿಯಿತು. ಪೆಟ್ಟಿಗೆಯ ಮೇಲೆ ಅಚ್ಚಾಗುವ ಗರಿಷ್ಠ ಅಂಕಿ, ತಯಾರಕರಿಗೆ ಆ ವರ್ಷ ಯಾವುದನ್ನು ಹೆಚ್ಚಿಸುವುದು ಸುಲಭವಾಗಿತ್ತು ಎಂಬುದನ್ನು ಹೇಳುತ್ತದೆ. ಕಾರ್ಡ್ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಎಂಬುದನ್ನು ಅದು ಹೇಳುವುದಿಲ್ಲ. ಹೋಲಿಕೆಗೆ ಬೇಕಾಗಿರುವುದು ಈ ಎರಡನೆಯ ಸಂಗತಿ.

ಇದನ್ನು ಮನಗಾಣಲು 2001ರ ಒಂದು ಜೋಡಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಒಂದು ಕಡೆ, ಹಿಂದಿನ ವರ್ಷ ಬಂದಿದ್ದ ಎನ್‌ವಿಡಿಯಾದ ಜಿಫೋರ್ಸ್ 2 ಜಿಟಿಎಸ್. ಅದರ ಜಿಟಿಎಸ್ ಎಂಬ ಮೂರಕ್ಷರದಲ್ಲೇ ಗಿಗಾಟೆಕ್ಸೆಲ್, ಅಂದರೆ ನೂರು ಕೋಟಿ ಟೆಕ್ಸ್ಚರ್ ಬಿಂದು, ಎಂಬ ಹೆಮ್ಮೆ ಅಡಗಿತ್ತು. 200 ಮೆಗಾಹರ್ಟ್ಸ್, ನಾಲ್ಕು ಪಿಕ್ಸೆಲ್ ಪೈಪ್‌ಲೈನ್, ಸೆಕೆಂಡಿಗೆ 80 ಕೋಟಿ ಪಿಕ್ಸೆಲ್, 160 ಕೋಟಿ ಟೆಕ್ಸೆಲ್. ಇನ್ನೊಂದು ಕಡೆ, ಪವರ್‌ವಿಆರ್ ವಿನ್ಯಾಸದ ಮೇಲೆ ಎಸ್‌ಟಿ ಮೈಕ್ರೊಎಲೆಕ್ಟ್ರಾನಿಕ್ಸ್ ತಯಾರಿಸಿದ ಕೈರೊ 2. 175 ಮೆಗಾಹರ್ಟ್ಸ್, ಎರಡೇ ಪೈಪ್‌ಲೈನ್, 35 ಕೋಟಿ ಪಿಕ್ಸೆಲ್. ಟ್ರಾನ್ಸಿಸ್ಟರ್‌ಗಳು ಜಿಟಿಎಸ್‌ನಲ್ಲಿ ಎರಡೂವರೆ ಕೋಟಿ, ಕೈರೊದಲ್ಲಿ ಒಂದೂವರೆ ಕೋಟಿ. ಮೆಮೊರಿ ಬ್ಯಾಂಡ್‌ವಿಡ್ತ್ ಅಲ್ಲಿ ಸೆಕೆಂಡಿಗೆ 5.3 ಗಿಗಾಬೈಟ್, ಇಲ್ಲಿ 2.8. ಪಟ್ಟಿ ನೋಡಿದವರು ಇದನ್ನು ಸ್ಪರ್ಧೆ ಎಂದೇ ಕರೆಯುತ್ತಿರಲಿಲ್ಲ. ಆದರೂ 32 ಬಿಟ್ ಬಣ್ಣದಲ್ಲಿ, ಹೆಚ್ಚಿನ ರೆಸಲ್ಯೂಶನ್‌ನಲ್ಲಿ ಆಡಿಸಿದಾಗ ಹಲವು ಆಟಗಳಲ್ಲಿ ಕೈರೊ ಜಿಟಿಎಸ್‌ಗೆ ಸಮನಾಗಿ ನಿಂತಿತು, ಕೆಲವು ಕಡೆ ಮುಂದೆಯೂ ಹೋಯಿತು. ಕಾರಣ ಪಟ್ಟಿಯಲ್ಲೇ ಇತ್ತು, ಕೂಡಿ ಕಳೆದು ನೋಡಬೇಕಿತ್ತು ಅಷ್ಟೆ. 32 ಬಿಟ್ ಬಣ್ಣದ ಒಂದು ಪಿಕ್ಸೆಲ್ ಬರೆಯಬೇಕಾದರೆ ಮೊದಲು ಅದರ ಆಳದ ಬೆಲೆಯನ್ನು ಮೆಮೊರಿಯಿಂದ ಓದಬೇಕು, 4 ಬೈಟ್. ಹೊಸ ಆಳವನ್ನು ಬರೆಯಬೇಕು, ಮತ್ತೆ 4 ಬೈಟ್. ಬಣ್ಣ ಬರೆಯಲು ಇನ್ನೂ 4. ಒಟ್ಟು 12 ಬೈಟ್. 80 ಕೋಟಿ ಪಿಕ್ಸೆಲ್‌ಗೆ 9.6 ಗಿಗಾಬೈಟ್ ಆಯಿತು, ಟೆಕ್ಸ್ಚರ್ ಓದುವ ಖರ್ಚು ಇನ್ನೂ ಸೇರಿಲ್ಲ. ಇರುವುದು 5.3! ಅಂದರೆ ಆ ಬಣ್ಣದಲ್ಲಿ ಜಿಟಿಎಸ್ ತನ್ನ ಘೋಷಿತ ವೇಗದ ಹತ್ತಿರಕ್ಕೂ ಹೋಗುವಂತಿರಲಿಲ್ಲ. ಕೈರೊ ಪರದೆಯನ್ನು ಸಣ್ಣ ಸಣ್ಣ ಚೌಕಗಳಾಗಿ ಹಂಚಿಕೊಂಡು, ಯಾವುದು ಮುಂದಿದೆ ಯಾವುದು ಮರೆಯಲ್ಲಿದೆ ಎಂಬ ತೀರ್ಮಾನವನ್ನೆಲ್ಲ ಚಿಪ್‌ನ ಒಳಗೇ ಮುಗಿಸುತ್ತಿತ್ತು. ಗೋಡೆಯ ಹಿಂದಿನ ಕೋಣೆಗೆ ಟೆಕ್ಸ್ಚರ್ ಹಚ್ಚುವ ದಂಡದ ಕೆಲಸವೇ ಅಲ್ಲಿರಲಿಲ್ಲ. ಹೊರಗಿನ ಮೆಮೊರಿಗೆ ಹೋಗುತ್ತಿದ್ದುದು ಕೊನೆಯಲ್ಲಿ ಕಾಣುವ ಬಣ್ಣ ಮಾತ್ರ.

ಕೈರೊ ಒಂದು ಅಪವಾದ, ಅದನ್ನಿಟ್ಟುಕೊಂಡು ನಿಯಮ ಮಾಡಬಾರದು ಎನ್ನಬಹುದು. ತ್ರಿಕೋನಗಳ ಲೆಕ್ಕ ಮಾಡುವ ಯಂತ್ರಾಂಶ ಅದರಲ್ಲಿ ಇರಲಿಲ್ಲ, ಆ ಕೆಲಸವೆಲ್ಲ ಪ್ರೊಸೆಸರ್ ಮೇಲೆ ಬೀಳುತ್ತಿತ್ತು, ಮುಂದಿನ ಆಟಗಳಲ್ಲಿ ಅದು ಹಿಂದೆ ಬಿತ್ತು. ಇದು ನಿಜ. ಆದರೆ ಇದರಿಂದ ನನ್ನ ಮಾತಿಗೆ ಬಲವೇ ಬರುತ್ತದೆ: ಅದು ಸೋತದ್ದೂ ಪಿಕ್ಸೆಲ್ ಅಂಕಿ ಚಿಕ್ಕದಿತ್ತು ಎಂಬ ಕಾರಣಕ್ಕಲ್ಲ. ವಿವರಪಟ್ಟಿಯೇ ನಿರುಪಯೋಗಿ ಎಂದೂ ನಾನು ಹೇಳುತ್ತಿಲ್ಲ. ಜಿಫೋರ್ಸ್ 256 ಎರಡು ಬಗೆಯಲ್ಲಿ ಬಂತು. ಚಿಪ್ ಒಂದೇ, ವೇಗ ಎರಡರಲ್ಲೂ 120 ಮೆಗಾಹರ್ಟ್ಸ್, ಮೆಮೊರಿ ಮಾತ್ರ ಬೇರೆ: ಒಂದರಲ್ಲಿ ಬ್ಯಾಂಡ್‌ವಿಡ್ತ್ ಸೆಕೆಂಡಿಗೆ 2.7 ಗಿಗಾಬೈಟ್, ಡಿಡಿಆರ್ ಹಾಕಿದ್ದರಲ್ಲಿ 4.8. 32 ಬಿಟ್ ಬಣ್ಣಕ್ಕೆ ಬದಲಾಯಿಸಿದ ಕೂಡಲೇ ಡಿಡಿಆರ್ ಕಾರ್ಡ್ ಸ್ಪಷ್ಟವಾಗಿ ಮುಂದಾಗುತ್ತಿತ್ತು. ಬೇರೆಲ್ಲವೂ ಒಂದೇ ಆಗಿದ್ದು ಒಂದೇ ಅಂಕಿ ವ್ಯತ್ಯಾಸವಾದಾಗ ಪಟ್ಟಿ ನಂಬಬಹುದಾದ ಸಾಕ್ಷಿ.

ಪಿಕ್ಸೆಲ್ ಅಂಕಿ ಹಳತಾದ ಮೇಲೆ ಟೆರಾಫ್ಲಾಪ್, ಅಂದರೆ ಸೆಕೆಂಡಿಗೆ ಎಷ್ಟು ಲಕ್ಷ ಕೋಟಿ ಲೆಕ್ಕ ಎಂಬ ಅಂಕಿ, ಬಂತು. 2009ರ ಸೆಪ್ಟೆಂಬರ್‌ನಲ್ಲಿ ಎಎಂಡಿಯ ರೇಡಿಯಾನ್ ಎಚ್‌ಡಿ 5870, ಆರು ತಿಂಗಳ ನಂತರ ಎನ್‌ವಿಡಿಯಾದ ಜಿಟಿಎಕ್ಸ್ 480. ಮೊದಲನೆಯದರಲ್ಲಿ 1600 ಘಟಕ, 850 ಮೆಗಾಹರ್ಟ್ಸ್, 2.72 ಟೆರಾಫ್ಲಾಪ್. ಎರಡನೆಯದರಲ್ಲಿ 480 ಘಟಕ, 1401 ಮೆಗಾಹರ್ಟ್ಸ್, 1.34. ಅರ್ಧದಷ್ಟೂ ಇಲ್ಲದ 480 ಆಟಗಳಲ್ಲಿ ಒಟ್ಟಾರೆ ಮುಂದಿತ್ತು. ರೇಡಿಯಾನ್‌ನ ಘಟಕಗಳು ಐದೈದರ ಗುಂಪಿನಲ್ಲಿದ್ದವು. ಒಂದನ್ನೊಂದು ಕಾಯದ ಐದು ಆದೇಶ ಏಕಕಾಲಕ್ಕೆ ಸಿಕ್ಕರೆ ಮಾತ್ರ ಗುಂಪಿಗೆ ಪೂರ್ತಿ ಕೆಲಸ. ಆಟಗಳಲ್ಲಿ ಐದರ ಪೈಕಿ ಸರಾಸರಿ 3.4 ಮಾತ್ರ ತುಂಬುತ್ತಿತ್ತೆಂದು ಎಎಂಡಿಯೇ ಮುಂದೆ ಹೇಳಿತು, ಮುಂದಿನ ಚಿಪ್‌ನಲ್ಲಿ ಗುಂಪನ್ನು ನಾಲ್ಕಕ್ಕೆ ಇಳಿಸಿತು. ಹಾಗೆಂದು ಆ 2.72 ಸುಳ್ಳಾಗಿರಲಿಲ್ಲ. 2011ರ ಹೊತ್ತಿಗೆ ಗ್ರಾಫಿಕ್ಸ್ ಕಾರ್ಡ್‌ಗಳಲ್ಲಿ ಬಿಟ್‌ಕಾಯಿನ್ ಗಣಿಗಾರಿಕೆ ಜೋರಾದಾಗ ಇದೇ 5870, 480ಅನ್ನು ಬಹಳ ಹಿಂದೆ ಹಾಕಿತು. ಆ ಕೆಲಸದಲ್ಲಿ ಸ್ವತಂತ್ರ ಆದೇಶಗಳಿಗೆ ಬರವಿರಲಿಲ್ಲ, ಬಿಟ್‌ಗಳನ್ನು ಸರಿಸಿ ತಿರುಗಿಸುವ ಆದೇಶಗಳೂ ರೇಡಿಯಾನ್‌ಗೆ ಅನುಕೂಲವಾಗಿದ್ದವು.

ಇಷ್ಟೆಲ್ಲ ತಲೆನೋವೇಕೆ, ಬೆಂಚ್‌ಮಾರ್ಕ್ ಫಲಿತಾಂಶ ನೋಡಿದರೆ ಸಾಕಲ್ಲ ಎಂಬುದು ಹೆಚ್ಚು ಗಟ್ಟಿಯಾದ ಆಕ್ಷೇಪ. ಆದರೆ 2003ರ ಮೇ ತಿಂಗಳಲ್ಲಿ ಫ್ಯೂಚರ್‌ಮಾರ್ಕ್ ತನ್ನ ತ್ರೀಡಿಮಾರ್ಕ್ 03 ಪರೀಕ್ಷೆಯನ್ನು ತಿದ್ದಿ ಮತ್ತೆ ಓಡಿಸಿದಾಗ ಜಿಫೋರ್ಸ್ ಎಫ್‌ಎಕ್ಸ್ 5900 ಅಲ್ಟ್ರಾದ ಅಂಕ ಸುಮಾರು ಕಾಲು ಭಾಗ ಇಳಿಯಿತು. ಡ್ರೈವರ್ ಪರೀಕ್ಷೆಯನ್ನು ಗುರುತು ಹಿಡಿದು ಬೇರೆ ರೀತಿ ವರ್ತಿಸುತ್ತಿತ್ತು ಎಂದು ಆ ಕಂಪನಿ ದೂರಿತು. ಫ್ಯೂಚರ್‌ಮಾರ್ಕ್ ಮುಂದೆ ತನ್ನ ಮಾತನ್ನು ಮೃದುಗೊಳಿಸಿತಾದರೂ ಅಂಕ ಇಳಿದದ್ದು ಇಳಿದದ್ದೇ. ಪರೀಕ್ಷೆ ಹೇಳುವುದು ಇವತ್ತಿನ ಆಟ, ಇವತ್ತಿನ ಡ್ರೈವರ್‌ನ ಮಾತು. ನಾಳೆಯ ಕೆಲಸಕ್ಕೆ ಕಾರ್ಡ್ ಏನಾದೀತು ಎಂದು ಊಹಿಸಲು ಪಟ್ಟಿಯನ್ನೇ ಓದಬೇಕು, ಮತ್ತು ಆ ಪಟ್ಟಿ ಸರಿಯಾಗಿರಬೇಕು. 2014ರಲ್ಲಿ ಬಂದ ಜಿಟಿಎಕ್ಸ್ 970 ಮಾರಾಟವಾದ ಕೆಲವೇ ತಿಂಗಳಲ್ಲಿ ಅದರ ಪಟ್ಟಿಯೇ ತಪ್ಪೆಂದು ಬಯಲಾಯಿತು: ಆರ್‌ಒಪಿ (ಪಿಕ್ಸೆಲ್ ಬರೆಯುವ ಘಟಕ) 64 ಅಲ್ಲ, 56. ಎಲ್2 ಕ್ಯಾಶ್ 2 ಮೆಗಾಬೈಟ್ ಅಲ್ಲ, 1.75. 4 ಗಿಗಾಬೈಟ್ ಮೆಮೊರಿಯಲ್ಲಿ ಕೊನೆಯ ಅರ್ಧ ಗಿಗಾಬೈಟ್ ನಿಧಾನದ್ದು. ಆ ಕಾರ್ಡ್‌ನ ಪರೀಕ್ಷಾ ಫಲಿತಾಂಶಗಳಲ್ಲಿ ಒಂದೂ ಇದರಿಂದ ಬದಲಾಗಲಿಲ್ಲ. ಆದರೂ ಕೊಂಡವರು ನ್ಯಾಯಾಲಯಕ್ಕೆ ಹೋದದ್ದು ಸರಿಯಾಗಿಯೇ ಇತ್ತು. 2016ರಲ್ಲಿ ಎನ್‌ವಿಡಿಯಾ ರಾಜಿಗೆ ಬಂದು, ಅಮೆರಿಕದಲ್ಲಿ ಕಾರ್ಡ್ ಕೊಂಡವರಿಗೆ ತಲಾ 30 ಡಾಲರ್ ಕೊಡಲು ಒಪ್ಪಿತು.