ಹಳೆಯ ಜೀಪು ಮತ್ತು ಹೊಗೆಯ ಲೆಕ್ಕ

ಇತಿಹಾಸವೆಂದರೆ ರಾಜರ ವಂಶಾವಳಿ, ಯುದ್ಧಗಳ ಇಸವಿ ಎಂಬ ಭಾವನೆ ನಮ್ಮ ಶಾಲೆಗಳಲ್ಲಿ ಬಹುಕಾಲ ಬೇರೂರಿತ್ತು. ಆದರೆ ಒಂದು ಹೋಬಳಿಯ ಬದುಕನ್ನು ಬದಲಿಸಿದ ವಾಹನಕ್ಕೂ ಇತಿಹಾಸದಲ್ಲಿ ಒಂದು ಸ್ಥಾನವುಂಟು. ನಮ್ಮ ಅಂದೋಲಾ ಸೀಮೆಯ ಮಟ್ಟಿಗೆ ಅಂಥ ವಾಹನ ಜೀಪು. ಮಳೆ ಬಿದ್ದ ಮೇಲೆ ಇಲ್ಲಿಯ ಎರೆಮಣ್ಣಿನಲ್ಲಿ ನಡೆದವರಿಗೆ ಈ ಮಾತನ್ನು ವಿವರಿಸಿ ಹೇಳಬೇಕಾಗಿಲ್ಲ. ಚಪ್ಪಲಿಗೆ ಅಂಟಿದ ಮಣ್ಣು ಸೇರುಗಟ್ಟಲೆ ತೂಗುತ್ತದೆ, ಬಂಡಿಯ ಗಾಲಿ ಅಚ್ಚಿನವರೆಗೆ ಹೂತುಹೋಗುತ್ತದೆ. ನಾಲ್ಕೂ ಗಾಲಿಗಳಿಗೆ ಎಂಜಿನ್ನಿನ ಬಲ ಹಂಚುವ ಜೀಪು ಮಾತ್ರ ಅಂಥ ಕೆಸರಿನಲ್ಲಿಯೂ ದಾರಿ ಮಾಡಿಕೊಳ್ಳುತ್ತಿತ್ತು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನೆಗಾಗಿ ಹುಟ್ಟಿದ ವಾಹನವಿದು. ಭಾರತದಲ್ಲಿ ಇದನ್ನು ನೆಲೆಗೊಳಿಸಿದ ಸಂಸ್ಥೆಯ ಕಥೆ ಕುತೂಹಲಕರವಾಗಿದೆ. 1945ರಲ್ಲಿ ಮಹೀಂದ್ರಾ ಸಹೋದರರು ಮತ್ತು ಮಲಿಕ್ ಗುಲಾಮ್ ಮೊಹಮ್ಮದ್ ಕೂಡಿ ‘ಮಹೀಂದ್ರಾ ಅಂಡ್ ಮೊಹಮ್ಮದ್’ ಎಂಬ ಉಕ್ಕಿನ ವ್ಯಾಪಾರ ಸಂಸ್ಥೆಯನ್ನು ಕಟ್ಟಿದರು. ಗುಲಾಮ್ ಮೊಹಮ್ಮದರು ಅದಕ್ಕೂ ಮೊದಲು ಹೈದರಾಬಾದಿನ ನಿಜಾಮ ಸರ್ಕಾರದಲ್ಲಿ ಹಣಕಾಸಿನ ಹೊಣೆ ಹೊತ್ತಿದ್ದವರು, ಎಂದರೆ ನಮ್ಮ ಹಿರಿಯರು ಕಟ್ಟಿದ ಕಂದಾಯದ ಲೆಕ್ಕ ನೋಡಿದವರು! ದೇಶವಿಭಜನೆಯಾದಾಗ ಅವರು ಪಾಕಿಸ್ತಾನದ ಮೊದಲ ಹಣಕಾಸು ಮಂತ್ರಿಯಾದರು. 1948ರಲ್ಲಿ ಸಂಸ್ಥೆ ‘ಮಹೀಂದ್ರಾ ಅಂಡ್ ಮಹೀಂದ್ರಾ’ ಆಯಿತು. ವಿಲ್ಲೀಸ್ ಕಂಪನಿಯ ಜೀಪುಗಳನ್ನು ಬಿಡಿಭಾಗಗಳಾಗಿ ತರಿಸಿ ಮುಂಬಯಿಯಲ್ಲಿ ಜೋಡಿಸುವ ಕೆಲಸ ಅದೇ ಕಾಲದಲ್ಲಿ ಪ್ರಾರಂಭವಾಯಿತು.

1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಪ್ರಾರಂಭವಾದ ಮೇಲೆ ಜೀಪು ಹಳ್ಳಿಗಳ ಕಡೆಗೆ ತಿರುಗಿತು. ಬ್ಲಾಕ್ ಕಚೇರಿಯ ಜೀಪು ಊರೊಳಗೆ ಬಂದರೆ ಮಕ್ಕಳು ಅದರ ಹಿಂದೆ ಓಡುವುದು ಸಾಮಾನ್ಯ ದೃಶ್ಯವಾಗಿತ್ತು. ಚುನಾವಣಾ ಕರ್ತವ್ಯಕ್ಕೆ ಮತಪೆಟ್ಟಿಗೆಗಳೊಡನೆ ನಾವು ಶಿಕ್ಷಕರೂ ಅದರಲ್ಲಿಯೇ ಕುಳಿತು ಹೋಗುತ್ತಿದ್ದೆವು. ಮೊದಲ ಜೀಪುಗಳು ಪೆಟ್ರೋಲ್ ಕುಡಿಯುವ ವಾಹನಗಳು. 1980ರ ದಶಕದಲ್ಲಿ ಫ್ರಾನ್ಸಿನ ಪ್ಯೂಜೋ ಕಂಪನಿಯ ಡೀಸೆಲ್ ಎಂಜಿನ್ ಹೊತ್ತ ಎಂ.ಎಂ. 540 ಬಂದಾಗ ಜೀಪು ಸರ್ಕಾರಿ ಕಚೇರಿಯಿಂದ ಒಕ್ಕಲಿಗನ ಅಂಗಳಕ್ಕೂ ಇಳಿಯಿತು. ತೊಗರಿಯ ಚೀಲ, ಸಂತೆಯ ಸಾಮಾನು, ಮದುವೆಯ ದಿಬ್ಬಣ, ಹೆರಿಗೆಗೆ ಜೇವರ್ಗಿಗೋ ಕಲಬುರಗಿಗೋ ಹೊರಟ ಹೆಣ್ಣುಮಗಳು – ಎಲ್ಲರನ್ನೂ ಅದು ಹೊತ್ತಿದೆ.

ಇನ್ನು ಹೊಗೆಯ ಲೆಕ್ಕಕ್ಕೆ ಬರೋಣ. 1952ರ ಡಿಸೆಂಬರಿನಲ್ಲಿ ಲಂಡನ್ ನಗರವನ್ನು ಐದು ದಿನ ಕವಿದ ಹೊಗೆಮಂಜು ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ಅದು ಮುಖ್ಯವಾಗಿ ಕಲ್ಲಿದ್ದಲಿನ ಹೊಗೆ. ಅದೇ ದಶಕದಲ್ಲಿ ಲಾಸ್ ಏಂಜಲೀಸಿನ ಕಣ್ಣುರಿಸುವ ಮಬ್ಬಿಗೆ ವಾಹನಗಳ ಹೊಗೆಯೂ ಕಾರಣವೆಂದು ಹಾಗನ್-ಸ್ಮಿಟ್ ಎಂಬ ವಿಜ್ಞಾನಿ ತೋರಿಸಿಕೊಟ್ಟರು. ನಮ್ಮಲ್ಲಿ 1981ರಲ್ಲಿ ವಾಯುಮಾಲಿನ್ಯ ನಿಯಂತ್ರಣ ಕಾಯ್ದೆಯೂ 1988ರಲ್ಲಿ ಹೊಸ ಮೋಟಾರು ವಾಹನ ಕಾಯ್ದೆಯೂ ಬಂದವು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 115ನೆಯ ನಿಯಮವು ರಸ್ತೆಯಲ್ಲಿ ಓಡುವ ವಾಹನ ಎಷ್ಟು ಹೊಗೆ ಬಿಡಬಹುದೆಂಬ ಮಿತಿಯನ್ನು ಹಾಕಿತು. ಡೀಸೆಲ್ ವಾಹನಕ್ಕೆ ಆ ಮಿತಿ 65 ಹಾರ್ಟ್‌ರಿಜ್ ಮಾನ.

ಈ 65 ಎಂದರೇನು? ನನ್ನ ಹಳೆಯ ವಿದ್ಯಾರ್ಥಿಗಳು ಕೇಳಿದ್ದರೆ ಹೀಗೆ ಹೇಳುತ್ತಿದ್ದೆ: ಒಂದು ಕೊಳವೆಯಲ್ಲಿ ಹೊಗೆ ತುಂಬಿ ಒಂದು ತುದಿಯಿಂದ ನೂರು ಪಾಲು ಬೆಳಕು ಬಿಡಿರಿ. ಇನ್ನೊಂದು ತುದಿಗೆ ಮೂವತ್ತೈದು ಪಾಲು ಮಾತ್ರ ತಲುಪಿದರೆ ಹೊಗೆಯ ಮಾನ 65. ಶುದ್ಧ ಗಾಳಿಗೆ ಸೊನ್ನೆ, ಬೆಳಕೇ ದಾಟದ ಕಗ್ಗತ್ತಲೆಗೆ ನೂರು. ಪರೀಕ್ಷೆಯ ಸಮಯದಲ್ಲಿ ಗೇರು ಹಾಕದೆ ಆಕ್ಸಿಲರೇಟರನ್ನು ಒಮ್ಮೆಲೇ ಪೂರ್ತಿ ಒತ್ತಿ, ಆಗ ಹೊರಬೀಳುವ ಹೊಗೆಯನ್ನು ಹಲವು ಸಲ ಅಳೆದು ಸರಾಸರಿ ತೆಗೆಯುತ್ತಾರೆ. ಎಂಜಿನ್ ಚೆನ್ನಾಗಿ ಕಾದಿರಬೇಕು, ಎಣ್ಣೆಯ ಉಷ್ಣತೆ ಕನಿಷ್ಠ 60 ಡಿಗ್ರಿ ಇರಬೇಕು. ಭಾರತ್ ಸ್ಟೇಜ್ 4ರ ವಾಹನಗಳಿಗೆ ಮಿತಿಯನ್ನು 50ಕ್ಕೆ ಇಳಿಸಲಾಯಿತು. ಹಳೆಯವಕ್ಕೆ 65 ಹಾಗೆಯೇ ಉಳಿಯಿತು.

ನನ್ನ ತಂಗಿಯ ಮಗನ ಬಳಿ 1994ರ ಒಂದು ಡೀಸೆಲ್ ಜೀಪಿದೆ. ಖಾಸಗಿ ವಾಹನದ ನೋಂದಣಿಗೆ ಹದಿನೈದು ವರ್ಷದ ಅವಧಿ, ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಣ. 2024ರಲ್ಲಿ ಆ ಸರದಿ ಮತ್ತೆ ಬಂದಾಗ ಅವನೊಡನೆ ನಾನೂ ಹೋಗಿದ್ದೆ. ಮೊದಲ ತಪಾಸಣೆಯಲ್ಲಿ ಸರಾಸರಿ 78 ಬಂದಿತು. ಯಂತ್ರದ ಬಳಿಯಿದ್ದವನು ದನಿ ತಗ್ಗಿಸಿ, ಸ್ವಲ್ಪ ಹೆಚ್ಚಿಗೆ ಕೊಟ್ಟರೆ ಚೀಟಿ ತಾನೇ ಬರುತ್ತದೆ ಎಂದ. ಅಳಿಯ ನನ್ನ ಮುಖ ನೋಡಿದ. ನಾನು, “ಪರೀಕ್ಷೆ ಬರೆಯದವನಿಗೆ ಅಂಕ ಕೊಟ್ಟು ನನಗೆ ರೂಢಿಯಿಲ್ಲಪ್ಪ, ಮೊದಲು ಗಾಡಿಗೆ ಪಾಠ ಮಾಡಿಸು” ಎಂದೆ.

ಮೆಕ್ಯಾನಿಕ್ ಬಾನೆಟ್ ಎತ್ತಿ ನೋಡಿ, “ಎಂಜಿನ್ ಕೆಟ್ಟಿಲ್ಲರೀ ಸರ, ಉಸಿರು ಕಟ್ಟ್ಯದ. ನಮ್ಮ ಎರಿ ಧೂಳು ಎಷ್ಟು ಕುಂತದ ನೋಡ್ರಿ” ಎಂದ. ಅವನ ಮಾತು ಶಾಸ್ತ್ರಸಮ್ಮತವೇ ಆಗಿತ್ತು. ಕಪ್ಪು ಹೊಗೆಯೆಂದರೆ ಗಾಳಿ ಸಾಲದೆ ಅರೆಬೆಂದ ಇಂಧನ. ನೀಲಿ ಹೊಗೆಯೆಂದರೆ ರಿಂಗು ಸವೆದು ಉರಿಯುವ ಎಂಜಿನ್ ಎಣ್ಣೆ. ಬಿಳಿಯೆಂದರೆ ಹೊತ್ತಿಕೊಳ್ಳದ ಇಂಧನ ಅಥವಾ ನೀರಿನ ಆವಿ. ನಮ್ಮದು ಕಪ್ಪು. ಗಾಳಿ ಸೋಸುವ ಬಟ್ಟಲನ್ನು ತೊಳೆದು ಹೊಸ ಎಣ್ಣೆ ತುಂಬಿದರು, ಡೀಸೆಲ್ ಫಿಲ್ಟರ್ ಬದಲಿಸಿದರು. ನಾಝಲ್‌ಗಳನ್ನು ಬಿಚ್ಚಿ ಪಂಪಿನ ಅಂಗಡಿಯಲ್ಲಿ ಒತ್ತಡ ಪರೀಕ್ಷಿಸಿದರು; ಎರಡು ನಾಝಲ್ ಮಂಜಿನಂತೆ ಚಿಮ್ಮಿಸುವ ಬದಲು ಹನಿ ಹನಿಯಾಗಿ ಸುರಿಸುತ್ತಿದ್ದವು. ಅವನ್ನು ಬದಲಿಸಿ, ವಾಲ್ವುಗಳ ಸಂದು ಸರಿಮಾಡಿ, ಎಂಜಿನ್ ಕಾಯಲೆಂದು ಕಟ್ಟಿಸಂಗಾವಿಯ ಭೀಮಾ ಸೇತುವೆಯವರೆಗೆ ಓಡಿಸಿಕೊಂಡು ಬಂದು ಮತ್ತೆ ಅಳೆಸಿದಾಗ ಬಂದದ್ದು 54. ಇದರಿಂದ ಡೀಸೆಲ್ ಖರ್ಚು ಇಳಿದದ್ದು ಅಳಿಯನಿಗೆ ಸಿಕ್ಕ ಹೆಚ್ಚಿನ ಲಾಭ.

ಈ ಕಥೆಯನ್ನು ಗೆಲುವಿನ ಕಥೆಯೆಂದು ಮುಗಿಸಲು ಮನಸ್ಸು ಒಪ್ಪುವುದಿಲ್ಲ. 54 ಎಂದರೂ ಅರ್ಧಕ್ಕಿಂತ ಹೆಚ್ಚು ಬೆಳಕನ್ನು ನುಂಗುವ ಹೊಗೆಯೇ. ಕಣ್ಣಿಗೆ ಕಾಣದ ನೈಟ್ರೋಜನ್ ಆಕ್ಸೈಡುಗಳನ್ನು ಈ ಪರೀಕ್ಷೆ ಅಳೆಯುವುದೇ ಇಲ್ಲ. ಡೀಸೆಲ್ ಹೊಗೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲಿ ಘೋಷಿಸಿದೆ. ಜೀಪಿನ ಹಿಂದೆ ಟಂಟಂನಲ್ಲಿ ಕೂಸನ್ನು ಮಡಿಲಲ್ಲಿಟ್ಟು ಕುಳಿತ ತಾಯಿಗೆ ನಮ್ಮ ಪ್ರಮಾಣಪತ್ರದಿಂದ ಪೂರ್ತಿ ರಕ್ಷಣೆ ಸಿಗದು.

ಹಾಗೆಂದು ಹಳೆಯದನ್ನೆಲ್ಲ ಗುಜರಿಗೆ ಹಾಕಿರೆನ್ನುವುದೂ ಸುಲಭವಲ್ಲ. 2021ರ ಆಗಸ್ಟ್ 13ರಂದು ಕೇಂದ್ರ ಸರ್ಕಾರ ಗುಜರಿ ನೀತಿಗೆ ಚಾಲನೆ ಕೊಟ್ಟಿತು. 2022ರ ಏಪ್ರಿಲ್ 1ರಿಂದ ಹಳೆಯ ಕಾರು-ಜೀಪುಗಳ ನೋಂದಣಿ ನವೀಕರಣದ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು. ಪಟ್ಟಣದ ಸಿರಿವಂತನಿಗೆ ಹಳೆಯ ಜೀಪು ಹವ್ಯಾಸ, ಎರೆಭೂಮಿಯ ಒಕ್ಕಲಿಗನಿಗೆ ಅದು ಎತ್ತಿನ ಜೋಡಿಯ ಹಾಗೆ. ಇಬ್ಬರಿಗೂ ಶುಲ್ಕ ಒಂದೇ. ಇತ್ತ ಇಂಧನವೂ ಬದಲಾಗಿದೆ: 2000ದಲ್ಲಿ ಸೀಸದ ಪೆಟ್ರೋಲ್ ದೇಶದಾದ್ಯಂತ ನಿಂತಿತು. ಹಿಂದೆ ನೂರಕ್ಕೆ ಒಂದು ಪಾಲಿನವರೆಗೂ ಇರುತ್ತಿದ್ದ ಡೀಸೆಲ್‌ನ ಗಂಧಕ 2020ರ ಏಪ್ರಿಲ್‌ನಲ್ಲಿ ಹತ್ತು ಲಕ್ಷಕ್ಕೆ ಹತ್ತು ಪಾಲಿಗೆ ಇಳಿಯಿತು. ಅದೇ ಶುದ್ಧ ಡೀಸೆಲ್ಲನ್ನು ಹಳೆಯ ಜೀಪೂ ಕುಡಿಯುತ್ತಿದೆ.

ಕಾಯ್ದೆ ಎಷ್ಟೇ ಬಿಗಿಯಾಗಲಿ, ನಳಿಗೆಗೆ ಕೊಳವೆ ಇಡದೆ ಕೊಟ್ಟ ಪ್ರಮಾಣಪತ್ರ ಬರಿಯ ಕಾಗದ. ನಕಲು ಮಾಡಿ ತೇರ್ಗಡೆಯಾದವನು ಮುಂದೆ ತನಗೇ ಹೊರೆಯಾಗುತ್ತಾನೆ. ನಕಲಿ ಚೀಟಿಯ ವಾಹನದ ಹೊರೆ ಮಾತ್ರ ಊರಿನವರ ಎದೆಗೂಡಿನ ಮೇಲೆ ಬೀಳುತ್ತದೆ. ಆದ್ದರಿಂದ ಹಳೆಯ ವಾಹನ ಇಟ್ಟುಕೊಂಡಿರುವ ಓದುಗರಲ್ಲಿ ನನ್ನ ವಿನಂತಿ ಇಷ್ಟೆ: ತಪಾಸಣೆಗೆ ಹೋಗುವ ವಾರಕ್ಕೆ ಮೊದಲು ಗಾಳಿಯ ಸೋಸುಕವನ್ನೂ ನಾಝಲ್‌ಗಳನ್ನೂ ನೋಡಿಸಿರಿ, ಯಂತ್ರ ತೋರಿಸಿದ ಅಂಕವನ್ನು ಕೇಳಿ ಬರೆದಿಟ್ಟುಕೊಳ್ಳಿರಿ. ರಿಪೇರಿಗೆ ಬಗ್ಗದಷ್ಟು ಎಂಜಿನ್ ಸವೆದಿದ್ದರೆ, ಆ ಜೀಪಿಗೆ ಕೈಮುಗಿದು ಬೀಳ್ಕೊಡುವುದೇ ಧರ್ಮ.